ಶಿಫ್ಟ್ ಮನೆಯ ಅರ್ಧ ರೊಟ್ಟಿ

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಬಹಳ ಕಾಲದಿಂದ ದಿನಚರಿ ಬರೆಯುವವಳು, ಹಾಗಾಗಿ ನನ್ನ ನೆನಪಿನ ಮೇಲೆ ನನಗಿರುವ ನಂಬಿಕೆ ಕಡಿಮೆ. ಮಳೆಯಲ್ಲಿ ನೆನೆದುಕೊಂಡು ಸಿನಿಮಾ ತೋರಿಸಿದೆವು ಎಂದು ನಾನು ಹತ್ತಾರು ಜನಕ್ಕೆ ಹೇಳಿಕೊಂಡು ಬಂದಿರುವ ಒಂದು ದಿನ, ದಿನಚರಿಯಲ್ಲಿ ನೋಡಿದರೆ, ಸೆಕೆಗೆ ಸೆರಗು ಬೀಸಿಕೊಂಡ ದಿನವಾಗಿದೆ. ಹಾಗಂತ ದಿನಚರಿಯೇ ಸರಿ ಎಂದೂ ಹೇಳಲಾರೆ. ಬರೆಯುವ ಹೊತ್ತಿಗೆ ಎಷ್ಟು ದಣಿದಿದ್ದೆನೋ ಏನೋ.

ಮೈಸೂರಿನ ಒಂದು ಆರೋಗ್ಯ ತರಬೇತಿ ಕೇಂದ್ರದಲ್ಲಿ ನಾನು ಶಿಕ್ಷಣಾಧಿಕಾರಿಯಾಗಿದ್ದೆ. ಹಳ್ಳಿಗಳಿಗೆ ಹೋಗಿ ಬಾಣಂತಿಯರನ್ನು ನೋಡುವ, ಲಸಿಕೆ ಹಾಕುವ ಸಿಸ್ಟರುಗಳಿಗೆ ತರಬೇತಿ ಕೊಡುವ ಕೇಂದ್ರ ಅದು. ಕುಟುಂಬ ಯೋಜನೆಯ ಬಗ್ಗೆ ಬೀದಿಯಲ್ಲಿ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ ಸಿನಿಮಾ ತೋರಿಸಿ ಮಾತಾಡುವುದೂ ನಮ್ಮ ಪಾಲಿನ ಕೆಲಸ. ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ಸರಸ್ವತಿಪುರಂನ ನಮ್ಮ ಮನೆಗೆ ಬರುತ್ತಾರೆ. ಅವರ ಫೋನಿನಲ್ಲೇ ಎಲ್ಲ ವಿಡಿಯೋ ಇದೆ. "ನಿಮ್ಮ ಕಾಲದಲ್ಲಿ ಹೇಗೆ ಮಾಡ್ತಿದ್ರಿ ಮೇಡಮ್?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಸೇರಿದಾಗ ಕೇಂದ್ರದ ಉಗ್ರಾಣದಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅದರೊಳಗೆ ಹೊರದೇಶದ ಯಾವುದೋ ಸಂಸ್ಥೆ ಹಿಂದೆಂದೋ ದಾನ ಕೊಟ್ಟ ಹಳೆಯ ಇಂಗ್ಲಿಷ್ ಸಿನಿಮಾಗಳ ರೀಲುಗಳು. ಎಲ್ಲವೂ ಮುಂದಿನ ಕಾಲದ ಕತೆಗಳು. ಭೂಮಿಯ ಮೇಲೆ ಜನ ತುಂಬಿ ತುಳುಕಿ, ಗಾಳಿ ಕೆಟ್ಟು, ಅನ್ನ ಮುಗಿದು, ಸರ್ಕಾರವೇ ಕ್ರೂರಿಯಾಗಿ, ಯಾರು ಹುಟ್ಟಬೇಕು ಯಾರು ಹುಟ್ಟಬಾರದು ಎಂದು ಆಜ್ಞೆ ಹೊರಡಿಸುವ ಕತೆಗಳು. ಅವುಗಳ ಹೆಸರು ನಮ್ಮಲ್ಲಿ ಯಾರ ಬಾಯಲ್ಲೂ ಹೊರಳುತ್ತಿರಲಿಲ್ಲ. ಪ್ರೊಜೆಕ್ಟರ್ ಓಡಿಸುತ್ತಿದ್ದ ನಂಜುಂಡಸ್ವಾಮಿಯವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ತಮಾಷೆ, ಅವಕ್ಕೆ ತಾವೇ ನಾಮಕರಣ ಮಾಡಿದ್ದರು. ನೀರಿಗೆ, ಬೆಳಕಿಗೆ, ಕೊನೆಗೆ ಹೂಳುವ ಜಾಗಕ್ಕೂ ಜನ ಸಾಲು ನಿಲ್ಲುವುದು 'ಕ್ಯೂ ಸಿನಿಮಾ'. ಒಂದೇ ಕೋಣೆಯನ್ನು ಎರಡು ಸಂಸಾರಗಳು ಹಗಲು ಒಂದು ರಾತ್ರಿ ಒಂದು ಎಂದು ಹಂಚಿಕೊಳ್ಳುವುದು 'ಶಿಫ್ಟ್ ಮನೆ'.

ಇಂಗ್ಲಿಷ್ ಸಿನಿಮಾವನ್ನು ಮೈಸೂರಿನ ಬೀದಿಯಲ್ಲಿ ತೋರಿಸುವ ಬಗೆ ಹೀಗಿತ್ತು. ನಂಜುಂಡಸ್ವಾಮಿಯವರು ಸಿನಿಮಾದ ಧ್ವನಿಯನ್ನು ತಗ್ಗಿಸುತ್ತಿದ್ದರು. ನಾನು ಪರದೆಯ ಪಕ್ಕ ನಿಂತು, ಮೈಕು ಹಿಡಿದು, ಕನ್ನಡದಲ್ಲಿ ಕತೆ ಹೇಳುತ್ತಾ ಹೋಗುತ್ತಿದ್ದೆ. ಇರುವುದು ಒಂದೇ ಪ್ರೊಜೆಕ್ಟರ್, ಒಂದು ರೀಲು ಮುಗಿದರೆ ಇನ್ನೊಂದನ್ನು ಏರಿಸುವವರೆಗೆ ಪರದೆ ಖಾಲಿ. ಆ ಹೊತ್ತಿನಲ್ಲಿ ನಾನು ಸುಮ್ಮನಾದರೆ ಜನ ಎದ್ದು ಹೋಗುತ್ತಾರೆ. ಹಾಗಾಗಿ ಕತ್ತಲಲ್ಲೂ ಕತೆ ನಿಲ್ಲಿಸಬಾರದು ಎನ್ನುವುದು ಕೆಲಸದ ಮೊದಲ ಪಾಠ. "ರೀಲ್ ಮುಗೀಬೌದು ಮೇಡಮ್, ನೀವು ಮುಗೀಬಾರ್ದು" ಎನ್ನುತ್ತಿದ್ದರು ನಂಜುಂಡಸ್ವಾಮಿಯವರು.

ಮೊದಲ ದೊಡ್ಡ ಎಡವಟ್ಟು ಅಶೋಕಪುರಂನಲ್ಲಿ ಆಯಿತು. ತೊಂಬತ್ತರ ದಶಕದ ಆರಂಭ. ಆಗ ನಮ್ಮ ನಿರ್ದೇಶಕರಾಗಿದ್ದವರು ಗುರಿಗಳ ಮನುಷ್ಯ. ಪ್ರತಿ ಸಿಸ್ಟರೂ ಇಷ್ಟು ಸಂತಾನಹರಣ ಆಪರೇಷನ್ ಕೇಸು ತರಬೇಕು ಎಂದು ಮೇಲಿನಿಂದ ಗುರಿ ಬರುತ್ತಿದ್ದ ಕಾಲ ಅದು. ಅವರ ಲೆಕ್ಕಾಚಾರ ಸರಳ. "ಜನ ಹೆದರಬೇಕು ಕಣ್ರೀ. ಹೆದರಿದ್ರೆ ತಾವೇ ಬರ್ತಾರೆ. ಆ ಕ್ಯೂ ಸಿನಿಮಾ ಹಾಕಿ" ಎಂದು ಕಳಿಸಿದರು.

ಹಾಕಿದೆವು. ಪರದೆಯ ತುಂಬ ಬೂದಿಬಣ್ಣದ ಬಟ್ಟೆ ತೊಟ್ಟ ಜನ. ಒಂದು ಕೊಳಾಯಿ. ಕಣ್ಣು ಹಾಯಿಸಿದಷ್ಟು ದೂರ ಸಾಲು. ನಾನು ಆದಷ್ಟು ನಡುಗುವ ಧ್ವನಿಯಲ್ಲಿ, "ನೋಡಿ, ಒಂದು ಬಟ್ಟಲು ನೀರಿಗಾಗಿ ಈ ತಾಯಿ ಬೆಳಗಿನಿಂದ ನಿಂತಿದ್ದಾಳೆ" ಎಂದೆ. ಮುಂದೆ ಕುಳಿತಿದ್ದ ಒಬ್ಬ ಅಜ್ಜಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದರು.

"ಇವ್ರು ಜಗಳಾನೇ ಆಡಾಕಿಲ್ವಾ?"

"ಯಾರಜ್ಜಿ?"

"ಆ ಲೈನಲ್ಲಿರೋರು ಕಣವ್ವ. ಬಿಂದಿಗೆ ಇಲ್ಲ, ಬೈಗುಳ ಇಲ್ಲ. ಎಷ್ಟು ನೀಟಾಗ್ ನಿಂತವ್ರೆ. ನಮ್ ಬೀದಿ ನಲ್ಲಿಗೂ ಇಂಥೋರು ಬಂದ್ರೆ ಚಂದಾಗಿರ್ತಿತ್ತು ಬುಡು."

ಬೀದಿಗೆ ಬೀದಿಯೇ ನಕ್ಕಿತು. ಆಮೇಲೆ ಸಿನಿಮಾ ಮುಗಿಯುವವರೆಗೂ ಜನ ಆ ಸಾಲನ್ನು ಮೆಚ್ಚಿಕೊಂಡೇ ನೋಡಿದರು. ಆಚೆ ದೇಶದವರು ಹೆದರಿ ಹೆದರಿ ಕಲ್ಪಿಸಿಕೊಂಡ ನರಕ, ನಮ್ಮ ಪ್ರೇಕ್ಷಕರ ಪಾಲಿಗೆ ಇನ್ನಷ್ಟು ಶಿಸ್ತಿನ ಬೆಳಗಿನ ಹೊತ್ತು, ಅಷ್ಟೆ. ವಾಪಸು ಬರುವಾಗ ಜೀಪಿನಲ್ಲಿ ನಂಜುಂಡಸ್ವಾಮಿಯವರು, "ಸಾಹೇಬ್ರಿಗೆ ಏನ್ ಹೇಳ್ತೀರಿ ಮೇಡಮ್? ಜನ ಹೆದರಿದ್ರು ಅಂತಾನಾ, ಖುಷಿ ಪಟ್ರು ಅಂತಾನಾ?" ಎಂದರು. ನಾನು ಏನು ಹೇಳಿದೆನೋ ನೆನಪಿಲ್ಲ. ದಿನಚರಿಯಲ್ಲೂ ಇಲ್ಲ.

ಆ ನಿರ್ದೇಶಕರು ವರ್ಗವಾದ ಮೇಲೆ ಬಂದವರು ಡಾಕ್ಟರ್ ವಿಮಲಾಕ್ಷಿ. ನನ್ನ ಕೆಲಸದ ಬದುಕಿನಲ್ಲಿ ನಾನು ಮೆಚ್ಚಿದ ಜನರನ್ನು ಎಣಿಸಲು ಒಂದು ಕೈಯ ಬೆರಳುಗಳು ಸಾಕು, ಹೆಬ್ಬೆರಳು ಅವರದು. ಗಿಡ್ಡ ಹೆಂಗಸು, ಯಾವಾಗಲೂ ಹತ್ತಿ ಸೀರೆ, ಕಾಲಿಗೆ ಗಂಡಸರ ಚಪ್ಪಲಿ. ಬಂದ ವಾರವೇ ಟ್ರಂಕು ತೆಗೆಸಿ, ಒಂದೊಂದೇ ಸಿನಿಮಾ ಹಾಕಿಸಿಕೊಂಡು ಒಬ್ಬರೇ ಕುಳಿತು ನೋಡಿದರು. ಇವನ್ನೆಲ್ಲ ಬಿಸಾಡಿ ಎನ್ನುತ್ತಾರೆ ಎಂದು ನಾನು ಕಾದೆ. ಅವರು ಹಾಗೆ ಅನ್ನಲಿಲ್ಲ.

"ಚೆನ್ನಾಗಿ ಮಾಡಿದಾರಲ್ರೀ," ಎಂದರು. "ಅಷ್ಟು ಜನರನ್ನ ನಿಲ್ಲಿಸಿ, ಅಷ್ಟು ಮುಖಗಳನ್ನ ತೋರಿಸೋದು ಸುಮ್ನೇನಾ? ಹೆದರಿಕೇನ ಇಷ್ಟು ಅಂದವಾಗಿ ಯಾರೂ ತೋರಿಸಿರಲಿಲ್ಲ. ಆದ್ರೆ ನಾವು ಇದನ್ನ ತಪ್ಪಾಗಿ ಉಪಯೋಗಿಸ್ತಾ ಇದೀವಿ. ಇದು ಹೆದರೋದಕ್ಕೆ ನೋಡೋ ಸಿನಿಮಾ ಅಲ್ಲ. ಹೆದರಿದೋರು ಏನೇನು ಮಾಡ್ತಾರೆ ಅಂತ ನೋಡೋ ಸಿನಿಮಾ."

ಆ ಮಾತಿನ ಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಬೀದಿಯಲ್ಲಿ ತೋರಿಸುವುದನ್ನು ಕಡಿಮೆ ಮಾಡಿ, ಮೊದಲು ನಮ್ಮ ಸಿಸ್ಟರುಗಳಿಗೇ ತೋರಿಸತೊಡಗಿದೆವು. ಮೇಡಮ್ ಯಾವಾಗಲೂ ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು. ಸಿನಿಮಾ ಮುಗಿದು ದೀಪ ಹಾಕಿದ ಮೇಲೆ ಭಾಷಣ ಇಲ್ಲ. ಒಂದೇ ಪ್ರಶ್ನೆ.

"ಇದರಲ್ಲಿ ಹೆಚ್ಚಾಗಿರೋ ಜನ ಯಾರು? ತೋರಿಸಿ ನೋಡೋಣ."

ಯಾರೂ ತೋರಿಸಲಾರರು. ನೀರಿಗೆ ನಿಂತ ತಾಯಿಯೇ? ಅವಳ ಹಿಂದೆ ನಿಂತ ಮುದುಕನೇ? ಕೊಳಾಯಿಯ ಪಕ್ಕ ಕೋಲು ಹಿಡಿದು ನಿಂತವನೇ? ಒಮ್ಮೆ ಹುಣಸೂರು ಕಡೆಯ ಒಬ್ಬ ಸಿಸ್ಟರ್ ಎದ್ದು, "ಮೇಡಮ್, ಆ ಕೋಲು ಹಿಡಿದವನು ತನ್ನನ್ನ ಬಿಟ್ಟು ಮಿಕ್ಕೋರೆಲ್ಲ ಹೆಚ್ಚು ಅನ್ಕೊಂಡಿದಾನೆ. ನಾವು ಗುರಿ ಅಂತ ಮನೆ ಮನೆಗೆ ಹೋದಾಗ ನಮ್ಮನ್ನ ನೋಡಿದೋರಿಗೂ ನಾವು ಆ ಕೋಲಿನವನ ಹಂಗೇ ಅನ್ನಿಸ್ತಿರಬೇಕು" ಎಂದಳು. ಇಡೀ ತರಗತಿ ಅವಳ ಕಡೆ ತಿರುಗಿತು. ಮೇಡಮ್ ಕೊನೆಯ ಸಾಲಿನಿಂದ ಎದ್ದು ಬಂದು ಅವಳ ಪಕ್ಕ ಕುಳಿತುಕೊಂಡರು. ಅಷ್ಟೇ ಅವರ ಉತ್ತರ.

ಸ್ವಲ್ಪ ಕಾಲಕ್ಕೆ ಸರ್ಕಾರವೂ ಗುರಿಗಳನ್ನು ಕೈಬಿಟ್ಟಿತು. ಅದು ಮೇಲಿನಿಂದ ಬಂದ ಬದಲಾವಣೆ, ನಮ್ಮ ಮೇಡಮ್ ತಂದದ್ದಲ್ಲ. ಆದರೆ ಸುತ್ತೋಲೆ ಬಂದಾಗ ನಮ್ಮ ಸಿಸ್ಟರುಗಳಿಗೆ ಅದು ಹೊಸದೆನಿಸಲಿಲ್ಲ. ಮೇಡಮ್ ಕಲಿಸಿದ ನಿಯಮ ಅಷ್ಟು ಹೊತ್ತಿಗೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಮಗು ಇರಲಿ ಎನ್ನುವುದು, ಬೇಡ ಎನ್ನುವುದು, ಎರಡು ದಾರಿಯನ್ನೂ ತೋರಿಸಿ, ಯಾವುದಕ್ಕೂ ತಳ್ಳಬೇಡಿ. ಹೊಸದಾಗಿ ಕೆಲಸಕ್ಕೆ ಬಂದಿರುವವರು ಉಳಿದದ್ದನ್ನೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನು ಇಟ್ಟುಕೊಳ್ಳಿ. ತಳ್ಳದೆ ಇರುವುದು ಸುಲಭ ಎಂದು ಮಾತ್ರ ತಿಳಿಯಬೇಡಿ. ಅದು ನನಗೆ ಗೊತ್ತಾದದ್ದು ನನ್ನ ತಂಗಿಯ ವಿಷಯದಲ್ಲಿ.

ನನ್ನ ತಂಗಿ ಸುಮಿತ್ರಾಳ ಗಂಡ ಕಡಕೊಳದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲೇ ಎರಡು ಕೋಣೆಯ ಬಾಡಿಗೆ ಮನೆ. ಒಂದು ಗಂಡು, ಒಂದು ಹೆಣ್ಣು, ಜೊತೆಗೆ ಅತ್ತೆ. ಕಿರಿಯದು ಶಾಲೆಗೆ ಹೋಗಲು ಶುರುಮಾಡಿತು, ಇನ್ನು ಹೊಲಿಗೆ ಯಂತ್ರ ತಗೊಳ್ಳುತ್ತೇನೆ ಎಂದು ಸುಮಿ ಅಂದುಕೊಳ್ಳುವ ಹೊತ್ತಿಗೆ ಮೂರನೆಯದು ನಿಂತಿತು. ಯಾರೂ ಬಯಸಿದ್ದಲ್ಲ. ನಾನು ಹೋದಾಗ ಅವಳ ಅತ್ತೆ ಪುಟ್ಟಮ್ಮನವರು ಜಗಲಿಯಲ್ಲಿ ಕುಳಿತು ರಾಗಿ ಕೇರುತ್ತಿದ್ದರು.

"ಬಾ ಕಣವ್ವ. ನಿನ್ ತಂಗೀಗೆ ನೀನೇ ಯೋಳು. ಎರಡು ಸಾಕು ಅಂತ ಊರೂರ್ ಮೇಲೆ ಯೋಳ್ಕೊಂಡ್ ಬತ್ತೀಯ. ಮನೇವ್ರೇ ಮೂರ್ ಮಾಡ್ಕೊಂಡ್ರೆ ನಾಳೀಕೆ ಜನ ನಿನ್ ಮಕ ನೋಡಿ ನಗಾಕಿಲ್ವಾ?"

"ನನ್ನ ಮುಖದ ಚಿಂತೆ ಬಿಡಿ ಅತ್ತೆ."

"ಎಂಗವ್ವ ಬುಡಾದು? ನಾನು ಏಳು ಎತ್ತಿದೀನಿ, ನಂಗೊತ್ತು ಅದರ ಪಾಡು."

ಒಳಗೆ ಸುಮಿ ಒಲೆಯ ಮುಂದೆ ನಿಂತಿದ್ದಳು. ಗಂಡ ಏನಂತಾನೆ ಎಂದು ಕೇಳಿದೆ. "ನಿನ್ನಿಷ್ಟ ಅಂತಾರೆ. ನಿನ್ನಿಷ್ಟ, ನಿನ್ನಿಷ್ಟ. ನನಗೆ ಇಷ್ಟ ಯಾವುದು ಅಂತ ನನಗೇ ಗೊತ್ತಿಲ್ಲ ಅಕ್ಕ." ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ನೀನು ಓದಿದೋಳು, ಇದೇ ಕೆಲಸದಲ್ಲಿರೋಳು. ನೀನು ಒಂದು ಮಾತು ಹೇಳ್ಬುಡು. ಇರ್ಲಾ, ಬೇಡ್ವಾ? ನೀನ್ ಹೇಳಿದ್ಹಾಗೆ ಮಾಡ್ತೀನಿ."

ಕೆಲಸದಲ್ಲಿ ಎಷ್ಟೋ ಹೆಂಗಸರು ನನ್ನನ್ನು ಇದೇ ಮಾತು ಕೇಳಿದ್ದರು. ಅದು ನೀವೇ ತೀರ್ಮಾನಿಸಬೇಕಾದದ್ದು ಎಂದು ಅವರಿಗೆಲ್ಲ ಕೊಡುತ್ತಿದ್ದ ಉತ್ತರ ತಂಗಿಯ ಮುಂದೆ ಬಾಯಿಗೆ ಬರಲಿಲ್ಲ. ಬೇಡ ಅಂದರೆ ಹೊಲಿಗೆ ಯಂತ್ರ ಬರುತ್ತದೆ, ಅವಳ ಬೆನ್ನುನೋವು ಹೆಚ್ಚಾಗುವುದಿಲ್ಲ. ಇರಲಿ ಅಂದರೆ ಆ ಎರಡು ಕೋಣೆಯಲ್ಲಿ ಆರು ಜನ. ಎರಡರಲ್ಲಿ ಯಾವುದನ್ನು ಅಂದರೂ ಅದು ಜೀವಮಾನವಿಡೀ ನಾನು ಅಂದ ಮಾತಾಗುತ್ತದೆ, ಅವಳ ನಿರ್ಧಾರವಾಗುವುದಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಬಸ್ಸು ಹತ್ತಿದೆ.

ಮರುದಿನ ವಿಮಲಾಕ್ಷಿ ಮೇಡಮ್ ಹತ್ತಿರ ಹೇಳಿಕೊಂಡೆ. ಅದಕ್ಕೆ ಸ್ವಲ್ಪ ಮೊದಲಷ್ಟೇ ನಮ್ಮ ತರಬೇತಿಗೆ ಬಂದಿದ್ದ ಒಬ್ಬ ಸಿಸ್ಟರ್ ಇಂಥದ್ದೇ ಸ್ಥಿತಿಯಲ್ಲಿದ್ದು, ಬೇಡ ಎಂದು ತಾನೇ ತೀರ್ಮಾನಿಸಿದ್ದಳು. ಮೇಡಮ್ ಅವಳನ್ನು ತಾವೇ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಂಜೆ ತಮ್ಮ ಮನೆಯಲ್ಲೇ ಇರಿಸಿಕೊಂಡು ಗಂಜಿ ಮಾಡಿಕೊಟ್ಟಿದ್ದರು. ಹಾಗಾಗಿ ಅವರು ಯಾವುದಾದರೂ ಒಂದು ಕಡೆಗೆ ವಾಲಿ ಮಾತಾಡುತ್ತಾರೆಂಬ ಆಸೆ ನನಗಿತ್ತು.

"ನಿಮ್ಮ ತಂಗಿಗೆ ಎರಡು ದಾರಿನೂ ಗೊತ್ತಾ ಜಯಶೀಲಾ?"

"ಗೊತ್ತು ಮೇಡಮ್."

"ಯಾರಾದ್ರೂ ತಳ್ತಾ ಇದಾರಾ?"

"ಅತ್ತೆ ಸ್ವಲ್ಪ. ಆದ್ರೆ ಅವಳು ಅತ್ತೆ ಮಾತಿಗೆ ಸೊಪ್ಪು ಹಾಕೋಳಲ್ಲ. ನನ್ನ ಮಾತಿಗೆ ಕಾಯ್ತಿದಾಳೆ."

"ಹಾಗಿದ್ರೆ ತಳ್ಳಬಲ್ಲೋರು ನೀವೊಬ್ರೇ. ಬಾಯಿ ಮುಚ್ಕೊಂಡು ಪಕ್ಕದಲ್ಲಿ ಕೂತ್ಕೊಳ್ಳಿ. ಎಲ್ಲಿಗೆ ಹೋಗ್ತೀನಿ ಅಂದ್ರೂ ಜೊತೆಗೆ ಹೋಗಿ."

ಸುಮಿಗೆ ಹಾಗೇ ಹೇಳಿದೆ. ಅವಳಿಗೆ ಕೋಪ ಬಂತು. "ಊರಿಗೆಲ್ಲ ಮೈಕ್ ಹಿಡ್ಕೊಂಡು ಮಾತಾಡ್ತೀಯ, ನನಗೆ ಒಂದು ಮಾತಿಲ್ಲ ನಿನ್ನತ್ರ" ಎಂದಳು. ಕೊನೆಗೆ, ಸೋಮವಾರ ಮೈಸೂರಿಗೆ ಬರುತ್ತೇನೆ, ಆಸ್ಪತ್ರೆಗೆ ಕರೆದುಕೊಂಡು ಹೋಗು, ಮುಗಿಸಿಬಿಡೋಣ ಎಂದಳು. ಸರಿ ಎಂದೆ.

ಆ ಸೋಮವಾರಕ್ಕೆ ಮುಂಚಿನ ಶನಿವಾರ ಸಂಜೆ ಕಡಕೊಳದಲ್ಲೇ ನಮ್ಮ ಪ್ರದರ್ಶನವಿತ್ತು, ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹೆಂಗಸರಿಗೆಂದು, ಶಾಲೆಯ ಹಜಾರದಲ್ಲಿ. ಅದು ಬಹಳ ಮೊದಲೇ ಗೊತ್ತಾಗಿದ್ದ ಕಾರ್ಯಕ್ರಮ. ಸುಮಿ ಮಕ್ಕಳಿಬ್ಬರನ್ನೂ ಕರೆದುಕೊಂಡು ಬಂದು ಮೂರನೆಯ ಸಾಲಿನಲ್ಲಿ ಕುಳಿತಳು. ನನ್ನ ಮುಖ ನೋಡಲಿಲ್ಲ.

ಸಿನಿಮಾ 'ಶಿಫ್ಟ್ ಮನೆ'. ಕತೆ ಇಷ್ಟು. ಆ ನಗರದಲ್ಲಿ ಒಂದೊಂದು ಕೋಣೆಗೂ ಎರಡು ಸಂಸಾರ. ಹಗಲಿನವರು ಬರುವಾಗ ರಾತ್ರಿಯವರು ಹೋಗಿರಬೇಕು. ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ. ಹೊಸದಾಗಿ ಮಗು ಹುಟ್ಟುವುದು ಅಪರಾಧ. ರಾತ್ರಿ ಪಾಳಿಯ ತಾಯಿಯೊಬ್ಬಳು ಗುಟ್ಟಾಗಿ ಒಂದು ಮಗುವನ್ನು ಹೆತ್ತು, ಹೊರಗೆ ಕರೆದೊಯ್ಯಲಾರದೆ, ಹಗಲೆಲ್ಲ ಅದನ್ನು ಮಂಚದ ಕೆಳಗೆ ಬಚ್ಚಿಟ್ಟು ಹೋಗುತ್ತಾಳೆ. ಮಗು ಹಾಗೇ ಬೆಳೆದು ನಡೆಯುವಷ್ಟಾಗುತ್ತದೆ. ಒಂದು ದಿನ ಹಗಲಿನ ಹೆಂಗಸು ಮಂಚದ ಕೆಳಗೆ ಬಗ್ಗುತ್ತಾಳೆ.

ಆರಂಭದಲ್ಲೇ, ಗಂಡ ಹೆಂಡತಿ ಬೇರೆ ಬೇರೆ ಪಾಳಿಯಲ್ಲಿ ದುಡಿಯುವುದು ಬಂದಾಗ, ಮುಂದಿನ ಸಾಲಿನಿಂದ ಒಬ್ಬಳು, "ನಮ್ಮನೇಲೂ ಅಂಗೇ ಕಣಕ್ಕ. ನಾ ಬರೋ ಹೊತ್ಗೆ ಅವ್ರು ಹೊಂಟೋಗ್ತಾರೆ. ಅದ್ಕೇ ಎರಡಕ್ಕೇ ನಿಂತೋಯ್ತು" ಎಂದಳು. ನಗು ಅಡಗಲು ಸ್ವಲ್ಪ ಹೊತ್ತು ಬೇಕಾಯಿತು. ಸುಮಿಯೂ ನಕ್ಕಳೆಂದು ನನ್ನ ನೆನಪು. ನಗಲಿಲ್ಲ ಎಂದು ನಂಜುಂಡಸ್ವಾಮಿಯವರ ನೆನಪು.

ನಮ್ಮ ಪ್ರತಿಯಲ್ಲಿ ಎರಡನೆಯ ರೀಲಿನ ಬಾಲ ಕೆಟ್ಟುಹೋಗಿತ್ತು. ಬೂಷ್ಟು ಹಿಡಿದಿದ್ದರಿಂದ ನಾನು ಸೇರುವ ಮೊದಲೇ ಯಾರೋ ಕತ್ತರಿಸಿ ತೆಗೆದಿದ್ದರು. ಹಗಲಿನ ಹೆಂಗಸು ಕೈಯಲ್ಲಿ ರೊಟ್ಟಿ ಹಿಡಿದು ಮಂಚದ ಕೆಳಗೆ ಬಗ್ಗಿದಳು ಎನ್ನುವಲ್ಲಿಗೆ ರೀಲು ಮುಗಿಯುತ್ತಿತ್ತು. ಮೂರನೆಯ ರೀಲು ಶುರುವಾಗುವಾಗ ಮಗು ಕತ್ತಲಲ್ಲಿ ಕುಳಿತು ಅರ್ಧ ರೊಟ್ಟಿ ತಿನ್ನುತ್ತಿರುತ್ತದೆ. ನಡುವೆ ಆದದ್ದೇನೆಂದು ನನಗೆ ಅನುಮಾನವೇ ಇರಲಿಲ್ಲ. ಪ್ರತಿ ಸಲ ರೀಲು ಬದಲಿಸುವಾಗ, "ಅವಳು ರೊಟ್ಟಿ ಮುರಿದು ಅರ್ಧವನ್ನು ಮಗುವಿನ ಮುಂದೆ ಇಟ್ಟಳು" ಎಂದು ಹೇಳಿ ಮುಗಿಸುತ್ತಿದ್ದೆ. ಅದನ್ನು ಕಣ್ಣಾರೆ ನೋಡಿದ್ದೇನೆ ಎಂದೇ ನಾನು ನಂಬಿದ್ದೆ.

ಆ ಶನಿವಾರ ರೀಲು ಬದಲಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮೈಕೂ ಇಲ್ಲ. ಹಜಾರದ ತುಂಬ ಕತ್ತಲು, ಹೆಂಗಸರ ಗುಜುಗುಜು. "ಮೇಡಮ್, ಮುಗೀಬೇಡಿ" ಎಂದು ನಂಜುಂಡಸ್ವಾಮಿಯವರ ಧ್ವನಿ ಬಂತು. ನಾನು ಸಾಲುಗಳ ನಡುವೆ ನಡೆಯುತ್ತಾ, ಬರಿಯ ಗಂಟಲಿನಲ್ಲಿ, ಆ ಒಂದು ವಾಕ್ಯವನ್ನು ಹಿಗ್ಗಿಸಿದೆ. ಅವಳಿಗೂ ಹಸಿವಿತ್ತು ಎಂದೆ. ಆ ದಿನದ ಪಾಲಿಗೆ ಇದ್ದದ್ದು ಅದೊಂದೇ ರೊಟ್ಟಿ ಎಂದೆ. ಯಾರ ಮಗು ಎಂದು ಅವಳು ಕೇಳಲಿಲ್ಲ ಎಂದೆ.

"ಬರೀ ರೊಟ್ಟಿನಾ? ಪಲ್ಯ ಗಿಲ್ಯ ಏನೂ ಇಲ್ವಾ?" ಎಂದು ಕತ್ತಲಿನಿಂದ ಯಾರೋ ಕೇಳಿದರು. "ಇನ್ನೊಬ್ರ ಮನೇಲಿ ಸಿಕ್ಕಿದ್ದಷ್ಟು ಕಣೇ ಸುಮ್ನಿರು" ಎಂದು ಇನ್ನೊಬ್ಬರು.

ಆಮೇಲೆ ನಾನು ಮತ್ತೊಂದು ಮಾತು ಆಡಿದೆನೇ? ಇರುವುದರಲ್ಲಿ ಅರ್ಧ ಇಟ್ಟರೆ ಇನ್ನೊಂದು ಜೀವಕ್ಕೆ ಆಗುತ್ತದೆ ಎಂದು ಅವಳಿಗೆ ಅನ್ನಿಸಿತು, ಎಂದು ಹೇಳಿದೆನೇ? ಹೇಳಿದ ಹಾಗೆ ಒಮ್ಮೊಮ್ಮೆ ನನ್ನ ಧ್ವನಿಯೇ ನನಗೆ ಕೇಳಿಸುತ್ತದೆ. ಎಷ್ಟೋ ವರ್ಷ ಈ ಕತೆಯನ್ನು ಮನಸ್ಸಿನಲ್ಲಿ ಹೊರಳಾಡಿಸಿ ನಾನೇ ಆಮೇಲೆ ಸೇರಿಸಿಕೊಂಡದ್ದೂ ಇರಬಹುದು. ದಿನಚರಿಯಲ್ಲಿ ಇರುವುದು, "ಕಡಕೊಳ. ಕರೆಂಟ್ ಹೋಯಿತು. ಜನ ಎದ್ದು ಹೋಗಲಿಲ್ಲ. ಸುಮಿ ಬಂದಿದ್ದಳು" ಎಂದಷ್ಟೆ.

ಕರೆಂಟು ಬಂತು. ಮೂರನೆಯ ರೀಲು ಓಡಿತು. ತಪಾಸಣೆಯವರು ಬರುತ್ತಾರೆ, ತಾಯಿ ಮಗುವನ್ನೆತ್ತಿಕೊಂಡು ಜನಜಂಗುಳಿಯಲ್ಲಿ ನುಸುಳುತ್ತಾಳೆ, ಕ್ಯಾಮೆರಾ ಮೇಲೆ ಮೇಲೆ ಏರುತ್ತದೆ, ತಲೆಗಳು ಹರವಿದ ಸಾಸಿವೆಯ ಹಾಗೆ ಕಾಣುತ್ತವೆ, ಅವುಗಳಲ್ಲಿ ಆ ಎರಡು ಯಾವುವು ಎಂದು ಹುಡುಕುತ್ತಲೇ ಸಿನಿಮಾ ಮುಗಿಯುತ್ತದೆ. ಅಷ್ಟು ಸಲ ನೋಡಿದರೂ ನಾನು ಪ್ರತಿ ಸಲ ಹುಡುಕುತ್ತಿದ್ದೆ. ಕೊನೆಯ ಸಾಲಿನಲ್ಲಿ ಕುಳಿತಿದ್ದ ವಿಮಲಾಕ್ಷಿ ಮೇಡಮ್ ಎಂದಿನ ಪ್ರಶ್ನೆ ಕೇಳಿದರು. ಇದರಲ್ಲಿ ಹೆಚ್ಚಾಗಿರೋ ಜನ ಯಾರು? ಸುಮಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು.

ಸೋಮವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕಾದೆ. ಮೇಡಮ್ ರಜೆ ಕೊಟ್ಟಿದ್ದರು. ಸುಮಿ ನಂಜನಗೂಡಿನ ಬಸ್ಸಿನಿಂದ ಇಳಿದಳು, ಒಬ್ಬಳೇ, ಕೈಯಲ್ಲಿ ಬಟ್ಟೆ ಹಾಕಿಕೊಂಡ ಚೀಲ.

"ಹೋಗೋಣ್ವಾ?" ಎಂದೆ.

"ಮೊದ್ಲು ಒಂದು ಕಾಫಿ ಕುಡಿಸು."

ಕಾಫಿ ಕುಡಿಯುವಾಗ ಅವಳು ಹೊರಗೆ ಬಸ್ಸುಗಳನ್ನೇ ನೋಡುತ್ತಿದ್ದಳು. ಲೋಟ ಕೆಳಗಿಟ್ಟು, "ಮುಂದಿನ ಬಸ್ಸಿಗೆ ವಾಪಸ್ ಹೋಗ್ತೀನಿ ಅಕ್ಕ. ಅತ್ತೆ ಹತ್ರ ನಾನೇ ಮಾತಾಡ್ತೀನಿ" ಎಂದಳು. ಏಕೆ ಎಂದು ನಾನು ಕೇಳಲಿಲ್ಲ. ಮೇಡಮ್ ನಿಯಮದಲ್ಲಿ ಏಕೆ ಎನ್ನುವುದಕ್ಕೂ ಜಾಗವಿರಲಿಲ್ಲ, ಅದೂ ಒಂದು ರೀತಿಯ ತಳ್ಳುವುದೇ ಎನ್ನುತ್ತಿದ್ದರು. ಚೀಲ ಹಿಡಿದುಕೊಂಡು ಅವಳನ್ನು ಬಸ್ಸಿಗೆ ಹತ್ತಿಸಿದೆ.

ಮಗು ಹುಟ್ಟಿತು. ಹೆಣ್ಣು. ಹೆಸರು ಕಾವೇರಿ. ಪುಟ್ಟಮ್ಮನವರು ಒಂದು ವಾರ ಮುಖ ತಿರುಗಿಸಿಕೊಂಡಿದ್ದು, ಆಮೇಲೆ ಮಗುವನ್ನು ತೊಡೆಯಿಂದ ಇಳಿಸಲೇ ಇಲ್ಲ. ಕೇಂದ್ರದಲ್ಲಿ ಒಂದಿಬ್ಬರು, "ಶಿಕ್ಷಣಾಧಿಕಾರಿ ಮನೇಲೇ ಮೂರು" ಎಂದು ನಕ್ಕರು. "ನಮ್ಮ ಜಯಶೀಲಾ ಮೇಡಮ್ ಸಿನಿಮಾ ತೋರಿಸಿದ್ರೆ ಜನ ಕಮ್ಮಿ ಆಗೋದಿಲ್ಲ, ಜಾಸ್ತಿ ಆಗ್ತಾರೆ" ಎಂದು ನಂಜುಂಡಸ್ವಾಮಿಯವರು ಹೇಳಿದ್ದಕ್ಕೆ ನಾನೂ ನಕ್ಕೆ. ಹೊಲಿಗೆ ಯಂತ್ರ ಬಹಳ ತಡವಾಗಿ ಬಂತು. ಆ ಎರಡು ಕೋಣೆಯಲ್ಲಿ ಸುಮಿ ಪಟ್ಟ ಕಷ್ಟವನ್ನು ನಾನು ನೋಡಿದ್ದೇನೆ. ಕಾವೇರಿಯನ್ನು ಎತ್ತಿಕೊಂಡು ನಗುವುದನ್ನೂ ನೋಡಿದ್ದೇನೆ.

ಎರಡು ಸಾವಿರದ ನಂತರ ಎಲ್ಲವೂ ಬದಲಾಯಿತು. ಪ್ರೊಜೆಕ್ಟರ್ ಉಗ್ರಾಣ ಸೇರಿತು, ಡಿಸ್ಕುಗಳು ಬಂದವು. ನಂಜುಂಡಸ್ವಾಮಿಯವರು ರಿಮೋಟು ಹಿಡಿದು, "ಇದಕ್ಕೊಂದು ಆಳು ಬೇಕಾ ಮೇಡಮ್?" ಎಂದು ಬೇಸರಿಸಿಕೊಂಡೇ ನಿವೃತ್ತರಾದರು. ಒಂದು ದಿನ ಹೊರಗಿನಿಂದ ತರಿಸಿದ ಡಿಸ್ಕುಗಳಲ್ಲಿ 'ಶಿಫ್ಟ್ ಮನೆ' ಇತ್ತು, ಏನೂ ಕತ್ತರಿಸದೆ, ಪೂರ್ತಿ. ಹಳೆಯ ಗೆಳತಿಯನ್ನು ಕಂಡ ಹಾಗೆ ಕುಳಿತು ನೋಡಿದೆ.

ಹಗಲಿನ ಹೆಂಗಸು ಮಂಚದ ಕೆಳಗೆ ಬಗ್ಗುತ್ತಾಳೆ. ಮಗುವನ್ನು ಕಾಣುತ್ತಾಳೆ. ಹೆದರಿಕೆಗೆ ಅವಳ ಕೈಯಿಂದ ರೊಟ್ಟಿ ಬೀಳುತ್ತದೆ, ಬಿದ್ದು ಎರಡಾಗುತ್ತದೆ. ಒಂದು ತುಂಡು ಎತ್ತಿಕೊಂಡು, ಇನ್ನೊಂದನ್ನು ಮಂಚದ ಕೆಳಗೆ ಬಿಟ್ಟು, ಹೊರಗೆ ಓಡಿ, ಬಾಗಿಲು ಹಾಕಿ, ತಪಾಸಣೆಯವರಿಗೆ ಹೇಳಲು ಹೋಗುತ್ತಾಳೆ. ಅಷ್ಟೇ. ಅವಳು ರೊಟ್ಟಿ ಇಡಲಿಲ್ಲ. ಅದು ಬಿತ್ತು.

ನಾನು ಆ ತುಣುಕನ್ನು ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿದೆನೋ. ಆ ಹೊತ್ತಿಗೆ ವಿಮಲಾಕ್ಷಿ ಮೇಡಮ್ ನಿವೃತ್ತರಾಗಿದ್ದರು. ಅವರ ಮನೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ನನಗೆ ಗೊತ್ತಿತ್ತಲ್ಲ. ಡಾಕ್ಟರಿಕೆ ಓದುವಾಗಲೇ ಈ ಸಿನಿಮಾ ಪೂರ್ತಿ ನೋಡಿದ್ದೆ."

"ಮತ್ತೆ ಒಂದು ಸಲನೂ ತಿದ್ದಲಿಲ್ಲ ಮೇಡಮ್."

"ಮೊದಲ ಸಲ ತಿದ್ದಬೇಕು ಅಂತಲೇ ಎದ್ದೆ ಕಣಮ್ಮ. ಆಮೇಲೆ ಕೂತಿದ್ದ ಹೆಂಗಸರನ್ನ ನೋಡಿದೆ. ನೀವು ಹೇಳಿದ್ದಕ್ಕೆ ಯಾರೂ ಆಶ್ಚರ್ಯ ಪಡ್ಲಿಲ್ಲ. ಮಗು ಕಂಡ್ರೆ ಅರ್ಧ ರೊಟ್ಟಿ ಇಡದೆ ಇನ್ನೇನು ಮಾಡ್ತಾರೆ ಅನ್ನೋ ಹಾಗಿದ್ರು. ಆ ಸಿನಿಮಾ ಮಾಡಿದೋರು ಬಹಳ ಬುದ್ಧಿವಂತರು, ಬಹಳ ಕಲೆ ಬಲ್ಲೋರು. ಆದ್ರೆ ನಮ್ಮ ಈ ಹೆಂಗಸರು ಯಾರೂ ಅವರಿಗೆ ಗೊತ್ತಿರಲಿಲ್ಲ. ಸುಮ್ನೆ ಕೂತ್ಕೊಂಡೆ."

ಇದು ಮೆಚ್ಚುಗೆಯ ಮಾತೆಂದು ನನಗೆ ಗೊತ್ತಾಯಿತು. ಆದರೂ ನನ್ನ ಚಿಂತೆ ಬೇರೆ. "ಮೇಡಮ್, ಕಡಕೊಳದಲ್ಲಿ ಆ ಕತ್ತಲಲ್ಲಿ ನನ್ನ ತಂಗಿ ಇದ್ಲು. ನಾನು ತಳ್ಳಿದ್ನಾ?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ನನ್ನ ಕೇಳಬೇಡಿ," ಎಂದರು. "ಅವಳನ್ನ ಕೇಳಿ."

ಕೇಳಲು ನನಗೆ ವರ್ಷಗಳೇ ಬೇಕಾದವು. ಕಾವೇರಿ ಕಾಲೇಜು ಮುಗಿಸಿ, ಅದೇ ಕಡಕೊಳದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದಳು. ನಾನೂ ನಿವೃತ್ತಳಾಗಿದ್ದೆ. ಅವರೆಕಾಯಿ ಕಾಲ. ಸುಮಿ ನನ್ನ ಮನೆಗೆ ಬಂದು, ನೆನೆಹಾಕಿದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತುಕುತ್ತಾ ಕುಳಿತಿದ್ದಳು. ನಾನೂ ಎದುರಿಗೆ ಕುಳಿತು ಕೈ ಹಾಕಿದೆ. ಡಿಸ್ಕಿನಲ್ಲಿ ನೋಡಿದ್ದನ್ನೆಲ್ಲ ಹೇಳಿದೆ, ರೊಟ್ಟಿ ಬಿದ್ದದ್ದು, ಬಾಗಿಲು ಹಾಕಿದ್ದು. ಅವಳು ಕಾಳು ಹಿತುಕುತ್ತಲೇ ಕೇಳಿದಳು.

"ಸುಮಿ," ಎಂದೆ, "ಆ ರೊಟ್ಟಿ ಯಾರೂ ಇಟ್ಟಿದ್ದಲ್ಲ ಅಂತ ಅವತ್ತೇ ಗೊತ್ತಾಗಿದ್ರೆ, ಸೋಮವಾರ ಬಸ್ಸಿಳಿದು ಏನು ಮಾಡ್ತಿದ್ದೆ?"

ಒಂದು ಕಾಳು ಅವಳ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಅದನ್ನು ಎತ್ತಿಕೊಂಡು, ಸೆರಗಿಗೆ ಒರೆಸಿ, ಬಟ್ಟಲಿಗೆ ಹಾಕಿ, ಇನ್ನೊಂದು ಕಾಳಿಗೆ ಕೈ ಹಾಕಿದಳು.